ಸೈನ್ ಹಾಕೋ ಮುಂಚೆ

(ಹೆಸರು, ಊರು, ಕೆಲವು ವಿವರ ಬದಲಿಸಿದ್ದೇನೆ.)

ಸರೋಜಾಗೆ 48 ವರ್ಷ. ತವರು ತಿಪಟೂರು ಕಡೆ, ತೆಂಗಿನ ತೋಟ. ಅಣ್ಣ ಫೋನ್ ಮಾಡಿ, "ಹಕ್ಕು ಬಿಡುಗಡೆ ಪತ್ರ ರೆಡಿ ಇದೆ, ಬಂದು ಸೈನ್ ಹಾಕು" ಅಂದಿದ್ದರು. ಅಂದರೆ ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಅನ್ನೋ ಪತ್ರ. ಅವತ್ತಿಂದ ನಿದ್ದೆ ಇಲ್ಲ. ಹಾಕಿದರೆ ಸಂಕಟ. ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ಕೊಡೋರು ಯಾರು? ಅಣ್ಣನ ಹತ್ತಿರ ಹೇಗೆ ಮಾತಾಡಲಿ ಅಂತ ಆಪ್ತಸಮಾಲೋಚನೆಗೆ ನನ್ನ ಬಳಿ ಬಂದರು.

ಕಾನೂನಿನ ವಿಷಯಕ್ಕೆ ತಾಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದು ನಿಮಗೆ ಗೊತ್ತಿರಲಿ, ಆದರೆ ಮೊದಲ ದಿನ ಬಾಯಿಗೆ ತರಬೇಡಿ ಅಂದೆ. 'ಕೋರ್ಟ್' ಅಂದ ಕೂಡಲೇ ಅಣ್ಣನ ಕಿವಿ ಮುಚ್ಚುತ್ತದೆ.

ಅಣ್ಣನಿಗೆ ಹೇಳೋದನ್ನೆಲ್ಲ ಸರೋಜಾ ನಾಲ್ಕು ಪುಟ ಬರೆದು ತಂದಿದ್ದರು. ಮದುವೆಯಲ್ಲಿ ಕೊಡದ ಎರಡೆಳೆ ಸರದಿಂದ ಶುರು. "ಇದರಲ್ಲಿ ಈಗ ಬೇಕಿರೋದು ಯಾವುದು?" ಅಂತ ಕೇಳಿದೆ. ತುಂಬ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ, "ಕೇಳದೇ ಪತ್ರ ಮಾಡಿಸಿದನಲ್ಲ, ಅದು" ಅಂದರು.

ನಾನು 'ನನಗೆ ಹೀಗೆ ಅನಿಸುತ್ತದೆ' ಅಂತ ಶುರು ಮಾಡಿ ಅಂದೆ. ಅವರು ನಕ್ಕರು. "ನಮ್ಮನೇಲಿ ಯಾರೂ ಹಂಗೆ ಮಾತಾಡಲ್ಲ ಮೇಡಂ." ನಿಜ ಅಲ್ವಾ? ಪುಸ್ತಕದ ಮಾತು ಬಿಟ್ಟೆವು.

ಆಮೇಲೆ ನಾನೇ ಅಣ್ಣನಾದೆ. "ಅಪ್ಪ ಮೂರು ವರ್ಷ ಹಾಸಿಗೆ ಹಿಡಿದಾಗ ನೀನೆಲ್ಲಿದ್ದೆ?" ಸರೋಜಾ ಮಾತು ನಿಂತೇಹೋಯಿತು. ಅವರಿಗೆ ಭಯ ಇದ್ದದ್ದು ಈ ಒಂದು ಪ್ರಶ್ನೆಗೇ. ಅಣ್ಣ ಕೇಳುವ ಮುಂಚೆ ನೀವೇ ಹೇಳಿಬಿಡಿ ಅಂದೆ. "ಅಪ್ಪನ್ನ ನೀನೇ ನೋಡ್ಕೊಂಡೆ ಅಣ್ಣ, ಅದನ್ನ ನಾನು ಮರೆತಿಲ್ಲ. ಪತ್ರದ ವಿಷಯ ಮಾತ್ರ ನನ್ನನ್ನ ಮೊದಲು ಕೇಳಬೇಕಿತ್ತು." ಇಷ್ಟನ್ನೇ ಆರು ಸಲ ಹೇಳಿಸಿದೆ. ಐದನೇ ಸಲಕ್ಕೆ ಅಳು ನಿಂತಿತು.

ಹಬ್ಬದ ದಿನ ಬೇಡ, ಊಟದ ಹೊತ್ತು ಬೇಡ, ಫೋನಲ್ಲಂತೂ ಬೇಡವೇ ಬೇಡ. ತೋಟಕ್ಕೆ ನೀರು ಬಿಡಲು ಹೋಗುವಾಗ ಜೊತೆಗೆ ನಡೆಯಿರಿ. ಎದುರುಬದುರು ಕೂತರೆ ದನಿ ಬೇಗ ಏರುತ್ತದೆ. ಏರಿದರೆ, "ನಾಳೆ ಮಾತಾಡೋಣ" ಅಂತ ಎದ್ದು ಬನ್ನಿ. ಅವತ್ತು ಮಾತ್ರ ಯಾವ ಕಾಗದಕ್ಕೂ ಸೈನ್ ಬೇಡ.

ಎರಡು ವಾರ ಬಿಟ್ಟು ಬಂದರು. ಅಣ್ಣ ಒಪ್ಪಿಲ್ಲ, ಬೈದೂ ಇಲ್ಲ. "ನೋಡೋಣ" ಅಂದು ಸುಮ್ಮನಾದರಂತೆ. ರಿಜಿಸ್ಟ್ರಾರ್ ಆಫೀಸಿಗೆ ಹೋಗೋದು ಮುಂದಕ್ಕೆ ಹೋಗಿದೆ. ಬಸ್ ಹತ್ತುವಾಗ ಚೀಲದಲ್ಲಿ ಎಂಟು ಕಾಯಿ ಹಾಕಿಕೊಟ್ಟಿದ್ದಾರೆ. ಮುಂದಿನ ಮಾತಿಗೆ ಅತ್ತಿಗೆಯೂ ಇರುತ್ತಾರಂತೆ. ಅದಕ್ಕೆ ಈಗ ಬೇರೆಯೇ ತಯಾರಿ ನಡೆದಿದೆ.