ದಿನಕ್ಕೊಂದು ವಿಚಿತ್ರ ‘ದಿನಾಚರಣೆ’ ಇದೆಯಲ್ಲ, ಇವೆಲ್ಲ ಎಲ್ಲಿಂದ ಬಂದವು? ಮನೆಯಲ್ಲಿ ಆಚರಿಸೋದು ಹೇಗೆ?

ಹೆಚ್ಚಿನವಕ್ಕೆ ಸರ್ಕಾರದ ಮುದ್ರೆಯೇನೂ ಇಲ್ಲ. ಯಾರೋ ಸುಮ್ನೆ ಶುರು ಮಾಡುತ್ತಾರೆ, ಹರಡುತ್ತದೆ. ಮಾರ್ಚ್ 14ರ ಪೈ ದಿನ 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ವಿಜ್ಞಾನ ಮ್ಯೂಸಿಯಂನಲ್ಲಿ ಹುಟ್ಟಿದ್ದು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ 3.14, ಅಂದರೆ ಗಣಿತದ ‘ಪೈ’ನ ಸುಮಾರು ಬೆಲೆ. ನಾವು ಬರೆದರೆ 14-3, ಲೆಕ್ಕವೇ ತಪ್ಪುತ್ತದೆ!

ಕೆಲವಕ್ಕೆ ಗಟ್ಟಿ ಕಾರಣ ಇದೆ. ಸೆಪ್ಟೆಂಬರ್ 2ರ ತೆಂಗಿನ ದಿನ, ತೆಂಗು ಬೆಳೆಯುವ ದೇಶಗಳ ಒಕ್ಕೂಟ 1969ರಲ್ಲಿ ಶುರುವಾದ ನೆನಪಿಗೆ. ಮೇ 20ರ ಜೇನು ದಿನವನ್ನು ವಿಶ್ವಸಂಸ್ಥೆಯೇ 2017ರಲ್ಲಿ ಘೋಷಿಸಿತು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಒಂದು ಮೇ 20ಕ್ಕೆ ಬೆಳಿಗ್ಗೆ ತೆಳ್ಳೇವಿಗೆ (ನಮ್ಮ ಕಡೆಯ ತೆಳು ದೋಸೆ) ಬೆಲ್ಲದ ಬದಲು ತುಡುವೆ ಜೇನುತುಪ್ಪ ಹಾಕಿಕೊಂಡು ಕೂತೆ. ಆಯಿ ಕಾವಲಿ ಮುಂದಿನಿಂದಲೇ ಕೇಳಿದಳು, “ಇದೆಂತಾ ಹಬ್ಬನೋ ತಮಾ?” ಹೇಳಿದೆ. ಇನ್ನೆರಡು ತೆಳ್ಳೇವು ಜಾಸ್ತಿ ಬಿತ್ತು. ಅಷ್ಟೇ ಆಚರಣೆ.

ಒಂದು ಮಾತು: ತಾರೀಕಿಗೆ ಅಂಟಿಕೊಳ್ಳಬೇಡಿ. ಹಲಸಿನ ದಿನ ಜುಲೈ 4ಕ್ಕೆ. ಅಷ್ಟೊತ್ತಿಗೆ ನಮ್ಮಲ್ಲಿ ಹಣ್ಣು ಮಳೆನೀರು ಕುಡಿದು ಸಪ್ಪೆಯಾಗಿರುತ್ತದೆ. ನಾವು ಮೇ ತಿಂಗಳಲ್ಲೇ, ಹಪ್ಪಳ ಒಣಗಿಸುವ ದಿನವೇ ಈ ಆಚರಣೆ ಮುಗಿಸಿಬಿಡುತ್ತೇವೆ.