ಅಮ್ಮನ ಕೈಯಿಂದ ಸೌಟು ಕಿತ್ಕೊಂಡಿದ್ದು ಸರಿನಾ?

ಪ್ರಶ್ನೆ: ಮೇಡಂ, ನಮ್ಮಮ್ಮಂಗೆ 72. ಸಾಗರದ ಹತ್ರ ಹಳ್ಳಿ ಮನೇಲಿ ಒಬ್ರೇ ಇದಾರೆ, ಅಪ್ಪ ಹೋಗಿ ಮೂರು ವರ್ಷ ಆಯ್ತು. ವಯಸ್ಸಿಂದ ಎರಡೂ ಕಣ್ಣಿನ ಮ್ಯಾಕ್ಯುಲಾ (ಕಣ್ಣಿನ ಒಳಪರದೆಯ ನಡುಭಾಗ) ಹಾಳಾಗಿದೆ, ಇನ್ನು ಆಪರೇಷನ್ ಇಂಜೆಕ್ಷನ್ ಯಾವ್ದರಿಂದಲೂ ಪ್ರಯೋಜನ ಇಲ್ಲ ಅಂದ್ರು ಡಾಕ್ಟ್ರು. ಹೋದ ತಿಂಗಳು ಒಗ್ಗರಣೆ ಹಾಕೋವಾಗ ಕೈ ಸುಟ್ಕೊಂಡ್ರು, ಅವತ್ತಿಂದ ಒಲೆ ಹತ್ರ ಹೋಗ್ಬೇಡ ಅಂತ ಹೇಳಿ ಪಕ್ಕದ ಮನೆಯಿಂದ ಊಟ ಕೊಡಿಸ್ತಿದೀನಿ. ಅಣ್ಣ ಬೆಂಗಳೂರಿನ ಫ್ಲ್ಯಾಟಿಗೆ ಕರ್ಕೊಂಡು ಹೋಗ್ತೀನಿ, ಮನೆಗೆ ಬೀಗ ಹಾಕೋಣ ಅಂತಾನೆ. ಅಮ್ಮ ಜಪ್ಪಯ್ಯ ಅಂದ್ರೂ ಬರಲ್ಲ. ಇದ್ರ ಮಧ್ಯ ಜಗಲಿ ಮೇಲೆ ಯಾರೋ ಮಕ್ಳು ಸಾಲಾಗಿ ಕೂತಿರ್ತಾರೆ, ಮಾತೇ ಆಡಲ್ಲ ಅಂತ ಬೇರೆ ಹೇಳ್ತಾರೆ. ಅತ್ತಿಗೆ ಹೆದರಿ ತಾಯತ ಕಟ್ಟಿಸಿದಾರೆ. ನಂಗೆ ನಿದ್ದೆ ಬರ್ತಿಲ್ಲ. ಯಾರ ಮಾತು ಕೇಳ್ಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಮೊದಲು ಆ ಜಗಲಿ ಮಕ್ಳ ವಿಷಯ ಮುಗಿಸ್ಬಿಡೋಣ, ನಿಮ್ಮ ನಿದ್ದೆ ಕೆಡಿಸಿರೋದು ಅದೇ ಅನ್ಸುತ್ತೆ. ನೀವು ಬರೆದಿರೋದು ನೋಡಿದ್ರೆ ಇದು ಹೆಚ್ಚುಕಮ್ಮಿ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅನ್ನೋದು. ಕಣ್ಣಿಂದ ಬರೋ ಚಿತ್ರ ಕಮ್ಮಿ ಆದಾಗ ಮೆದುಳು ಸುಮ್ನೆ ಕೂರಲ್ಲ, ತಾನೇ ಚಿತ್ರ ಬಿಡಿಸ್ಕೊಳುತ್ತೆ, ಅಷ್ಟೇ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ ಅನ್ನೋರು 1760ರಲ್ಲೇ ಇದನ್ನ ಬರೆದಿಟ್ಟಿದಾರೆ, ಅವ್ರ ಅಜ್ಜಂಗೆ ಕಣ್ಣು ಮಂಜಾದ್ಮೇಲೆ ಜನ, ಹಕ್ಕಿ, ಕಟ್ಟಡ ಎಲ್ಲ ಕಾಣಕ್ಕೆ ಶುರುವಾಗಿತ್ತಂತೆ, ಬುದ್ಧಿ ಮಾತ್ರ ನೆಟ್ಟಗೇ ಇತ್ತು. ಇದ್ರಲ್ಲಿ ಕಾಣೋದು ಮಾತ್ರ, ಶಬ್ದ ಇರಲ್ಲ, ನಿಮ್ಮಮ್ಮ "ಮಾತೇ ಆಡಲ್ಲ" ಅಂದಿದ್ದು ಅದಕ್ಕೇ ಮುಖ್ಯ. ಕಂಡಾಗ ಲೈಟ್ ಹಾಕೋಕೆ ಹೇಳಿ, ಕಣ್ಣನ್ನ ಎಡಕ್ಕೂ ಬಲಕ್ಕೂ ನಾಲ್ಕು ಸಲ ಹೊರಳಿಸೋಕೆ ಹೇಳಿ, ಎಷ್ಟೋ ಜನಕ್ಕೆ ಅಷ್ಟರಲ್ಲೇ ಮಾಯ ಆಗುತ್ತೆ. ಆದ್ರೂ ಕಣ್ಣಿನ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳ್ಲೇಬೇಕು, ಮತ್ತೆ ಯಾರೋ ಕರೆದಂಗೆ ಕೇಳ್ಸೋದು, ದಿನ ತಿಥಿ ಗೊಂದಲ ಆಗೋದು ಏನಾದ್ರೂ ಇದ್ರೆ ಅದು ಬೇರೆ ಕಥೆ, ನರಗಳ ಡಾಕ್ಟ್ರಿಗೆ ತೋರಿಸಿ. ತಾಯತ ಇರ್ಲಿ ಬಿಡಿ, ಕಟ್ಟಿಸಿದ್ದು ಕಟ್ಟಿಸಿಯಾಯ್ತು, ಆದ್ರೆ ಅಮ್ಮನ ಎದುರಿಗೆ ಪಿಸುಪಿಸು ಮಾತಾಡೋದು ನಿಲ್ಲಿಸಿ.

ಈಗ ಒಲೆ ವಿಷಯ. ಬೈತಿಲ್ಲ, ಆದ್ರೆ ತಪ್ಪು ಮಾಡಿದೀರ. ನಾವೂ ಇದೇ ತಪ್ಪು ಮಾಡಿದೀವಿ. ನಮ್ಮ ಸೋದರತ್ತೆಗೆ ಗ್ಲಾಕೋಮ ಆಗಿ ಕಣ್ಣು ಹೋದಾಗ ಮೊದಲು ಒಲೆ ಬಿಡಿಸಿದ್ವಿ, ಆಮೇಲೆ ರಂಗೋಲಿ, ಆಮೇಲೆ ತರಕಾರಿ ಹೆಚ್ಚೋದು, ಕೊನೆಗೆ ಹೂಬತ್ತಿ ಹೊಸೆಯೋದನ್ನೂ "ನಿಮಗ್ಯಾಕೆ ಕಷ್ಟ" ಅಂತ ಬಿಡಿಸಿದ್ವಿ, ಹೂಬತ್ತಿ ಹೊಸೆಯಕ್ಕೆ ಕಣ್ಣೇ ಬೇಡ ಅಲ್ವಾ, ನಮ್ಮ ತಲೆಗೇ ಹೋಗ್ಲಿಲ್ಲ. ಎರಡು ವರ್ಷಕ್ಕೆ ಅವ್ರು ಬಚ್ಚಲಿಗೆ ಹೋಗಕ್ಕೂ "ಹೋಗ್ಲಾ?" ಅಂತ ಕೇಳೋ ಹಾಗೆ ಆಗಿದ್ರು.

ನಿಮ್ಮಮ್ಮನ ಕಣ್ಣು ಪೂರ್ತಿ ಹೋಗಿಲ್ಲ. ಮ್ಯಾಕ್ಯುಲಾ ಹಾಳಾದ್ರೆ ನಡುಮಧ್ಯದ ನೋಟ ಹೋಗುತ್ತೆ, ಅಂಚಿನ ನೋಟ ಉಳಿಯುತ್ತೆ. ನಿಮ್ಮ ಮುಖ ಕಾಣಲ್ಲ, ನೀವು ಬಾಗಿಲಲ್ಲಿ ನಿಂತಿರೋದು ಕಾಣುತ್ತೆ. ಅದಕ್ಕೇ ಅವ್ರು ಮಾತಾಡ್ತಾ ನಿಮ್ಮ ಕಿವಿ ಕಡೆನೋ ಗೋಡೆ ಕಡೆನೋ ನೋಡಿದ್ರೆ "ನನ್ನ ನೋಡಿ ಮಾತಾಡು" ಅನ್ಬೇಡಿ, ಅವ್ರು ನಿಮ್ಮನ್ನ ನೋಡ್ತಿರೋದೇ ಹಾಗೆ. ಹಾಗೆ ಓರೆಯಾಗಿ ನೋಡೋದನ್ನ ಚೆನ್ನಾಗಿ ಕಲಿಸ್ತಾರೆ ಕೂಡ, ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಲೋ ವಿಷನ್ ಕ್ಲಿನಿಕ್ ಅಂತ ಇರುತ್ತೆ, ಲೈಟಿರೋ ಮ್ಯಾಗ್ನಿಫೈಯರ್ ಎಲ್ಲ ಅಲ್ಲೇ ಕೈಗೆ ಕೊಟ್ಟು ನೋಡಿಸ್ತಾರೆ. ಟ್ರೀಟ್‌ಮೆಂಟ್ ಮುಗೀತು ಅಂದ್ರೆ ಎಲ್ಲಾ ಮುಗೀತು ಅಂತಲ್ಲ, ಇದನ್ನ ಯಾರೂ ನಿಮಗೆ ಹೇಳದೇ ಇರೋದು ಬೇಜಾರಿನ ಸಂಗತಿ.

ಒಗ್ಗರಣೆಗೆ ಬರೋಣ. ಬಾಣಲೆ ಇಟ್ಟು ಆಮೇಲೆ ಗ್ಯಾಸ್ ಹಚ್ಚೋದು, ಉರಿ ಮೇಲೆ ಬಾಣಲೆ ಹುಡುಕೋದಲ್ಲ. ಸೆರಗು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸ್ಬೇಕು. ಎಣ್ಣೆ ಸೀದಾ ಬಾಟ್ಲಿಯಿಂದ ಬೇಡ, ಚಮಚದ ಲೆಕ್ಕ. ಎಣ್ಣೆ ಕಾದಿದೆಯಾ ಅಂತ ಬಗ್ಗಿ ನೋಡೋದು ಬೇಡ, ಎರಡೇ ಎರಡು ಕಾಳು ಸಾಸಿವೆ ಹಾಕಿ ಕಿವಿ ಕೊಟ್ರೆ ಸಾಕು, ಚಟ್ ಅಂದಾಗ ಮಿಕ್ಕಿದ್ದು ಹಾಕಿ ಮುಚ್ಚಳ ಅಡ್ಡ ಹಿಡಿಯೋದು. ಬೇಳೆ ಕೆಂಪಾಗಿದ್ದು ಮೂಗಿಗೆ ಗೊತ್ತಾಗುತ್ತೆ. ಐವತ್ತು ವರ್ಷ ಒಗ್ಗರಣೆ ಹಾಕಿದ ಕೈ ಅದು, ಅರ್ಧ ಕೆಲಸ ಯಾವಾಗ್ಲೂ ಕಿವಿ ಮೂಗಲ್ಲೇ ಆಗ್ತಿತ್ತು. ಸಾಸಿವೆ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಜೀರಿಗೆಗೆ ಎರಡು. ಮಾತ್ರೆಗೂ ಇದೇ, ಬಿಪಿಗೆ ಒಂದು ಶುಗರ್‌ಗೆ ಎರಡು. ಗ್ಯಾಸ್ ನಾಬ್ ಆಫ್ ಆಗೋ ಜಾಗಕ್ಕೆ ಒಂದು ಸ್ಟಿಕರ್ ಬಿಂದಿ ಅಂಟಿಸಿ, ಉಬ್ಬಿರೋದು ಸಿಗುತ್ತೆ ಫ್ಯಾನ್ಸಿ ಸ್ಟೋರಲ್ಲಿ. ಪಾಪ ಅಂತ ಟಚ್ ಬಟನ್ನಿನ ಇಂಡಕ್ಷನ್ ಸ್ಟೌವ್ ತಂದ್ಕೊಡ್ಬೇಡಿ, ಆ ನುಣುಪು ಗಾಜಿನ ಮೇಲೆ ಬೆರಳಿಗೆ ಏನೂ ಸಿಗಲ್ಲ.

ಇನ್ನೊಂದು, ಬಣ್ಣ. ಹೊಳೆಯೋ ಸ್ಟೀಲ್ ತಟ್ಟೇಲಿ ಬಿಳಿ ಅನ್ನ ಕಾಣಲ್ಲ, ಬಾಳೆ ಎಲೆ ಮೇಲೆ ಚೆನ್ನಾಗಿ ಕಾಣುತ್ತೆ, ನಿಮ್ಮ ಕಡೆ ಬಾಳೆ ಎಲೆಗೇನು ಬರ. ಅದೂ ಅಲ್ದೆ ಎಲೇಲಿ ಉಪ್ಪು ಎಡಗಡೆ ತುದಿ, ಅನ್ನ ಮಧ್ಯ ಅಂತ ಪ್ರತಿಯೊಂದಕ್ಕೂ ಜಾಗ ಇದೆ. ಕಣ್ಣಿಲ್ಲದವ್ರಿಗೆ ತಟ್ಟೇಲಿ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬಡಿಸೋದನ್ನ ಟ್ರೈನಿಂಗಲ್ಲಿ ಹೇಳ್ಕೊಡ್ತಾರೆ, ನಮ್ಮಲ್ಲಿ ಅದು ಮೊದ್ಲಿಂದ ಇದ್ದೇ ಇದೆ. ಡಿಕಾಕ್ಷನ್ನಿಗೆ ಬಿಳಿ ಲೋಟ, ಮಜ್ಜಿಗೆಗೆ ಗಾಢ ಬಣ್ಣದ ಲೋಟ. ಹೊಸ್ತಿಲಿಗೆ ಅರಿಶಿನ ಬಳಿಯೋದು ಬಿಟ್ಟಿದ್ರೆ ಮತ್ತೆ ಶುರು ಮಾಡಿಸಿ, ಮೆಟ್ಟಿಲಂಚಿಗೆ ಹಳದಿ ಟೇಪ್ ಹಾಕಿ. ಮತ್ತೆ ದಯವಿಟ್ಟು, ಮನೆ ಕ್ಲೀನ್ ಮಾಡ್ತೀನಿ ಅಂತ ಹೋಗಿ ಕುರ್ಚಿ ಸ್ಟೂಲು ಜಾಗ ಬದಲಾಯಿಸ್ಬೇಡಿ.

ದುಡ್ಡಿನ ವಿಚಾರ ನೀವು ಬರೆದಿಲ್ಲ, ಆದ್ರೂ ಹೇಳ್ತೀನಿ. ಈಗಿನ 100, 200, 500ರ ನೋಟು ಅಗಲ ಒಂದೇ, ಉದ್ದ ನಾಲ್ಕು ನಾಲ್ಕು ಮಿಲಿಮೀಟರ್ ವ್ಯತ್ಯಾಸ, ಬೆರಳಿಗೆ ಗೊತ್ತಾಗೋದು ಕಷ್ಟ. ಅಂಚಲ್ಲಿ ಉಬ್ಬು ಗೆರೆ ಇರುತ್ತೆ ನಿಜ, 100ಕ್ಕೆ ನಾಲ್ಕು 500ಕ್ಕೆ ಐದು, ಹಳೇ ನೋಟಲ್ಲಿ ಸವೆದಿರುತ್ತೆ. ಅದಕ್ಕೆ 100 ಮಡಿಸದೇ, 200 ಒಂದು ಮಡಿಕೆ, 500 ಎರಡು ಮಡಿಕೆ ಅಂತ ಇಟ್ಕೊಳ್ಳಿ. ಸ್ಮಾರ್ಟ್ ಫೋನ್ ಇದ್ರೆ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಇದೆ, ನೋಟು ಹಿಡಿದ್ರೆ ಎಷ್ಟು ಅಂತ ಹೇಳುತ್ತೆ, ನೆಟ್ ಬೇಕಿಲ್ಲ. ಸ್ಮಾರ್ಟ್ ಫೋನ್ ಬೇಡ ಅಂದ್ರೆ ಬಲವಂತ ಮಾಡ್ಬೇಡಿ, ಬಟನ್ ಫೋನಲ್ಲಿ 5ರ ಮೇಲೆ ಚುಕ್ಕಿ ಇರುತ್ತೆ, ಅಲ್ಲಿಂದ ಲೆಕ್ಕ ಹಿಡಿದ್ರೆ ಎಲ್ಲಾ ನಂಬರ್ ಸಿಗುತ್ತೆ. 70 ದಾಟಿದವ್ರಿಗೆ, ಕಣ್ಣು ಕಾಣದವ್ರಿಗೆ ಬ್ಯಾಂಕಿನವ್ರು ಮನೆಗೇ ಬಂದು ದುಡ್ಡು ಕೊಡೋ ವ್ಯವಸ್ಥೆ ಮಾಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ, ಬ್ರಾಂಚಲ್ಲಿ ಕೇಳಿ, ಒಂದ್ಸಲ ಅಲ್ಲ ನಾಲ್ಕು ಸಲ ಕೇಳಿ.

ಗ್ರಾಮ ಪಂಚಾಯ್ತಿಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಂತ ಒಬ್ರು ಇರ್ತಾರೆ, ಅಂಗವಿಕಲರ ಕೆಲಸಕ್ಕೇ ಇರೋರು, ಯುಡಿಐಡಿ ಕಾರ್ಡಿಗೆ, ಅಂದ್ರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕೋದು ಅವ್ರಿಗೆ ಗೊತ್ತಿರುತ್ತೆ. ಸರ್ಟಿಫಿಕೇಟಲ್ಲಿ ಅಂಗವೈಕಲ್ಯ 40 ಪರ್ಸೆಂಟ್ ಅಂತ ಬಂದ್ರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆಗೆಯುತ್ತೆ. ಹಿರಿಯರ ಸಹಾಯವಾಣಿ 14567, ಬರೆದಿಟ್ಕೊಳ್ಳಿ. ಬೆಂಗಳೂರಲ್ಲಿ ಮಿತ್ರಜ್ಯೋತಿ ಸಂಸ್ಥೆಯವ್ರು 1990ರಿಂದ ಕಣ್ಣು ಕಾಣದವ್ರಿಗೆ ಸ್ವತಂತ್ರವಾಗಿ ಬದುಕೋದನ್ನ ಕಲಿಸ್ತಿದಾರೆ, ಕೇಳೋ ಪುಸ್ತಕಗಳ ಲೈಬ್ರರಿನೂ ಇದೆ, ಅಣ್ಣಂಗೆ ಅಷ್ಟು ಕಾಳಜಿ ಇದ್ರೆ ಅಲ್ಲಿ ಹೋಗಿ ವಿಚಾರಿಸ್ಕೊಂಡು ಬರ್ಲಿ.

ಅಣ್ಣ ಕೆಟ್ಟೋನು ಅಂತಲ್ಲ. ಆದ್ರೆ ಅಮ್ಮಂಗೆ ಆ ಹಳ್ಳಿ ಮನೆ ಕಾಲಿಗೇ ಗೊತ್ತು, ಬಾವಿಗೆ ಎಷ್ಟು ಹೆಜ್ಜೆ, ಕೊಟ್ಟಿಗೆ ಬಾಗಿಲು ಎಲ್ಲಿ ತಲೆಗೆ ತಾಗುತ್ತೆ ಎಲ್ಲಾ. ಫ್ಲ್ಯಾಟಲ್ಲಿ ಮಗ ಸೊಸೆ ಆಫೀಸಿಗೆ ಹೋದ್ಮೇಲೆ ಲಿಫ್ಟ್ ಬಟನ್ನೂ ಕಾಣದೇ ಸಂಜೆವರೆಗೆ ಒಬ್ರೇ ಕೂತ್ರೆ ಅಲ್ಲೇ ಅವ್ರು ನಿಜವಾಗ್ಲೂ ಕುರುಡಾಗೋದು. ಮೂರು ತಿಂಗಳು ಟೈಮ್ ಕೇಳಿ. ಅಷ್ಟರಲ್ಲಿ ಮೇಲಿಂದ ಮೇಲೆ ಬಿದ್ರೆ, ಗ್ಯಾಸ್ ಆನ್ ಇಟ್ಟು ಮರೆತ್ರೆ, ಮಾತ್ರೆ ಅದಲುಬದಲು ಆದ್ರೆ ಆಗ ಮತ್ತೆ ಕೂತು ಮಾತಾಡಿ, ಅಮ್ಮನ್ನ ಎದುರಿಗೇ ಕೂರಿಸ್ಕೊಂಡು.

ಈ ಶನಿವಾರ ಊರಿಗೆ ಹೋದಾಗ ಕಾಫಿ ಅಮ್ಮನೇ ಮಾಡ್ಲಿ. ನೀವು ಅಡುಗೆಮನೆ ಬಾಗಿಲಲ್ಲಿ ಕೂತ್ಕೊಳ್ಳಿ, ಎದ್ದು ಓಡ್ಬೇಡಿ. ಚೂರು ಚೆಲ್ಲಿದ್ರೆ ಚೆಲ್ಲಲಿ, ಮಸಿಬಟ್ಟೆ ಎಲ್ಲಿದೆ ಅಂತ ಅವ್ರಿಗೆ ಗೊತ್ತು.