200 ಲೀಟರಿನ ಉಪ್ಪುನೀರಿನ ಅಕ್ವೇರಿಯಂಗೆ ಯಾವ ಫಿಲ್ಟರ್ ತೆಗೆದುಕೊಳ್ಳಬೇಕು?

ಎರಡು ಕ್ಲೌನ್ ಮೀನು, ಇನ್ನೊಂದೆರಡು ಸಣ್ಣ ಮೀನು ಅಷ್ಟೇ ಸಾಕುವುದಾದರೆ ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ ಡಬ್ಬಿಯಂಥ ಫಿಲ್ಟರ್) ಬೇಕಿಲ್ಲ. ವಾರವಾರ ತೊಳೆಯದಿದ್ದರೆ ಅದರಲ್ಲಿ ಸಿಕ್ಕಿದ ಕೊಳೆಯೇ ನೀರಿನಲ್ಲಿ ನೈಟ್ರೇಟ್ (ಕೊಳೆಯಿಂದ ಕೊನೆಗೆ ಉಳಿಯುವ ರಾಸಾಯನಿಕ) ಹೆಚ್ಚಿಸುತ್ತದೆ.

ಇಲ್ಲಿ ಅಸಲಿ ಫಿಲ್ಟರ್ ತೊಟ್ಟಿಯೊಳಗೆ ಜೋಡಿಸುವ ಕಲ್ಲೇ. ಅದರ ತೂತುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಕೊಳೆಯಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಕೃತಕ ಸೆರಾಮಿಕ್ ಕಲ್ಲು ಕೊಳ್ಳಿ. ಸಮುದ್ರದಿಂದ ಕಿತ್ತು ತಂದ ಹವಳದ ಕಲ್ಲನ್ನು ಯಾರಾದರೂ ಕೊಟ್ಟರೂ ಬೇಡ ಅನ್ನಿ. ಭಾರತದಲ್ಲಿ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಮುಖ್ಯವಾಗಿ ದುಡ್ಡು ಹಾಕಬೇಕಾದ್ದು ಪ್ರೋಟೀನ್ ಸ್ಕಿಮ್ಮರ್‌ಗೆ. ಅದು ನೀರಿಗೆ ಗಾಳಿ ಬೆರೆಸುವ ಯಂತ್ರ, ಉಪ್ಪುನೀರಿನಲ್ಲಿ ಗುಳ್ಳೆಗಳು ತೀರಾ ಸಣ್ಣದಾಗಿ ಏಳುತ್ತವೆ. ಕರಗಿದ ಕೊಳೆ ಅವುಗಳಿಗೆ ಅಂಟಿ, ನೊರೆಯಾಗಿ ಮೇಲಿನ ಕಪ್ಪಿಗೆ ಬೀಳುತ್ತದೆ. ಕೊಳೆತು ಅಮೋನಿಯಾ ಆಗುವ ಮೊದಲೇ ಹೊರಗೆ! ಡಬ್ಬಿಯ ಮೇಲೆ ಬರೆದ ಲೀಟರ್ ಲೆಕ್ಕ ಸ್ವಲ್ಪ ಧಾರಾಳದ್ದೇ ಇರುತ್ತದೆ, ಹಾಗಾಗಿ 300 ಲೀಟರಿನದು ನೋಡಿ.

ಜೊತೆಗೆ ನೀರು ತಿರುಗಿಸಲು ಒಂದು ವೇವ್‌ಮೇಕರ್ ಸಾಕು. ರೋಗಾಣು ಕೊಲ್ಲುವ ಯುವಿ ದೀಪ, ಓಜೋನ್ ಯಂತ್ರ ಎಲ್ಲ ಈಗಲೇ ಸುಮ್ನೆ ಖರ್ಚು. ಆ ದುಡ್ಡಲ್ಲಿ ಬ್ಯಾಟರಿಯ ಏರ್ ಪಂಪ್ ತೆಗೆದಿಡಿ, ಕರೆಂಟ್ ಹೋಗೋದು ಗೊತ್ತೇ ಇದೆಯಲ್ವಾ. ಹೊಸ ತೊಟ್ಟಿಯ ಕಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಮೀನು ಅದಾದ ಮೇಲೆ ತನ್ನಿ.